ಎಡೆಗೆ ತಂದ ಕ್ವಾರ್ಟರ್ ಬಾಟಲಿ

ನಮ್ಮ ಕಡೆ ಪಿತೃಪಕ್ಷದಲ್ಲಿ ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾರೆ. ಅವರು ಬದುಕಿದ್ದಾಗ ಇಷ್ಟಪಡುತ್ತಿದ್ದುದನ್ನೆಲ್ಲ ಬಾಳೆ ಎಲೆಯ ಮೇಲೆ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಸ್ವಲ್ಪ ಹೊತ್ತು ಹೊರಗೆ ಕೂರುವುದು ಪದ್ಧತಿ. ಅಪ್ಪನ ಎಡೆಯಲ್ಲಿ ಮುದ್ದೆ, ಮಾಂಸದ ಸಾರು, ಕಜ್ಜಾಯಗಳ ಜೊತೆಗೆ ಒಂದು ಕಟ್ಟು ಬೀಡಿಯೂ ಒಂದು ಕ್ವಾರ್ಟರ್ ಬ್ರಾಂದಿಯೂ ಇರುತ್ತಿದ್ದವು. 2022ರ ಸೆಪ್ಟೆಂಬರಿನಲ್ಲಿ, ಮಹಾಲಯ ಅಮಾವಾಸ್ಯೆಯ ಹಿಂದಿನ ಸಂಜೆ, ಆ ಕ್ವಾರ್ಟರ್ ತರಲು ಹೋದವನು ನನ್ನ ಅಣ್ಣ. ಅವನು ಕುಡಿತ ಬಿಟ್ಟು ಆಗ ಏಳು ತಿಂಗಳಾಗಿತ್ತು. ಅವನನ್ನೇ ಯಾಕೆ ಕಳಿಸಿದಿರಿ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ನಾವು ಯಾರೂ ಕಳಿಸಿರಲಿಲ್ಲ. "ಅಪ್ಪಂದು ನಾನೇ ತರ್ತೀನಿ ಬಿಡವ್ವ" ಎಂದು ಅವನೇ ಸ್ಕೂಟರ್ ತೆಗೆದ, ಅವ್ವ, ಅತ್ತಿಗೆ, ನಾನು ಮೂವರೂ ಜಗಲಿಯಲ್ಲಿ ನಿಂತು ನೋಡಿದೆವು.

ಮರುದಿನ ಎಡೆಯ ಮುಂದಿದ್ದ ಬಾಟಲಿಯ ಸೀಲು ಹಾಗೆಯೇ ಇತ್ತು. ಅದನ್ನು ಕಂಡು ಅವ್ವ ನಿಟ್ಟುಸಿರು ಬಿಟ್ಟಳು. ಅವನು ಎರಡು ತಂದಿದ್ದನೆಂಬುದು ನಮಗೆ ಗೊತ್ತಾದದ್ದು ಮೂರು ದಿನದ ಮೇಲೆ, ಕೊಬ್ಬರಿ ಗೋದಾಮಿನ ಗೋಣಿಚೀಲಗಳ ಹಿಂದೆ ಖಾಲಿ ಬಾಟಲಿಗಳು ಸಿಕ್ಕಾಗ. ಒಂಬತ್ತನೆಯ ದಿನ ಅವನನ್ನು ಮತ್ತೆ ಆಸ್ಪತ್ರೆಗೆ ಸೇರಿಸಿದೆವು.

ಅಣ್ಣ ಓದಿ ಒಪ್ಪಿದ ಮೇಲೆಯೇ ಇದನ್ನು ಬರೆದು ಹಾಕುತ್ತಿದ್ದೇನೆ. ಚಿಕಿತ್ಸೆ ಮುಗಿಸಿ ಮನೆಗೆ ಬಂದವರನ್ನು ಎದುರಿಗಿಟ್ಟುಕೊಂಡು "ಇನ್ನೇನು ಮಾಡಬೇಕು" ಎಂದು ತಿಳಿಯದೆ ಕೂತಿರುವ ಮನೆಗಳು ನಮ್ಮ ಸುತ್ತ ಎಷ್ಟೋ ಇವೆ. ಅಂಥ ಮನೆಯವರಿಗೆ ನಾನು ಹೇಳಬೇಕಾದ್ದು ಮುಖ್ಯವಾಗಿ ಒಂದೇ: ಮರುಕಳಿಕೆ ಮೊದಲ ಗುಟುಕಿನಿಂದ ಶುರುವಾಗುವುದಿಲ್ಲ. ಅದು ಅದಕ್ಕೂ ಎಷ್ಟೋ ವಾರ ಮೊದಲೇ ಮನೆಯೊಳಗೆ ನಡೆದಾಡುತ್ತಿರುತ್ತದೆ, ನಮಗೆ ಅದರ ಗುರುತು ಸಿಕ್ಕಿರುವುದಿಲ್ಲ.

ನಮ್ಮದು ತಿಪಟೂರು. ಅಪ್ಪನ ಕಾಲದಿಂದಲೂ ಕೊಬ್ಬರಿ ವ್ಯಾಪಾರ. ಹರಾಜು ಮುಗಿದು ಲೆಕ್ಕ ಚುಕ್ತಾ ಆದ ಸಂಜೆ ನಾಲ್ಕು ಜನ ಸೇರಿ ಕೂರುವುದು ಆ ವ್ಯಾಪಾರದ ಒಂದು ಭಾಗವೇ ಆಗಿಹೋಗಿತ್ತು, ಅಣ್ಣನ ಕುಡಿತ ಶುರುವಾದದ್ದೂ ಅಲ್ಲಿಯೇ. ಹದಿನಾಲ್ಕು ವರ್ಷ ಕುಡಿದ. ಈ ನಡುವೆ ಕೆಲವು ತಿಂಗಳು ನಿದ್ದೆಯೇ ಇಲ್ಲದೆ, ಮೂರು ಪಟ್ಟು ಸಾಲ ಮಾಡಿ ಮಾಲು ಕೊಂಡು, ದಿನಕ್ಕೆ ನೂರು ಫೋನು ಮಾಡಿ, ಆಮೇಲೆ ಕೆಲವು ತಿಂಗಳು ಹಾಸಿಗೆ ಬಿಟ್ಟು ಏಳದೆ ಇರುತ್ತಿದ್ದ. ಅದನ್ನೆಲ್ಲ ನಾವು ಕುಡಿತದ ಖಾತೆಗೇ ಬರೆದಿದ್ದೆವು. 2019ರಲ್ಲಿ ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರದಲ್ಲಿ ಇಪ್ಪತ್ತೆಂಟು ದಿನ ಇಟ್ಟೆವು. ಮನೆಗೆ ಕಳಿಸುವಾಗ ಅಲ್ಲಿಯವರು ಒಂದು ಚೀಟಿ ಮಾತ್ರೆ ಕೊಟ್ಟು, "ಇನ್ನು ಮೇಲೆ ಕುಡಿಯಬೇಡಿ, ಮನೆಯವರು ಗಮನ ಇಡಿ" ಎಂದರು. ಯಾವುದನ್ನು ಗಮನಿಸಬೇಕು, ಕಂಡರೆ ಏನು ಮಾಡಬೇಕು, ಮತ್ತೆ ಯಾವಾಗ ಬರಬೇಕು ಎಂಬ ಒಂದು ಮಾತೂ ಇಲ್ಲ. ನಲವತ್ತು ದಿನ ತುಂಬುವುದರೊಳಗೆ ಅವನು ಮತ್ತೆ ಕುಡಿಯುತ್ತಿದ್ದ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮದ್ಯ ಮತ್ತು ಮಾದಕ ವಸ್ತುಗಳ ಸೇವನೆಯಿಂದ ಬರುವ ಮಾನಸಿಕ ತೊಂದರೆಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ, ರೋಗಿಯನ್ನು ಬಿಡುಗಡೆ ಮಾಡುವ ಮುನ್ನ ಮುಂದಿನ ಚಿಕಿತ್ಸೆಯ ಬಗ್ಗೆ ಅವರೊಡನೆಯೂ ಅವರ ಹತ್ತಿರದವರೊಡನೆಯೂ ಸಮಾಲೋಚಿಸಿ ಯೋಜನೆ ಮಾಡಬೇಕೆಂದು ಹೇಳುತ್ತದೆ. ಇದು ನನಗೆ ಆಗಲೇ ತಿಳಿದಿದ್ದರೆ ಆ ಟೇಬಲ್ಲಿನ ಮುಂದಿನಿಂದ ನಾನು ಅಷ್ಟು ಸುಲಭವಾಗಿ ಎದ್ದು ಬರುತ್ತಿರಲಿಲ್ಲ.

ಎರಡನೆಯ ಸಲ, 2022ರ ಜನವರಿಯಲ್ಲಿ, ಬೆಂಗಳೂರಿನ ದೊಡ್ಡಾಸ್ಪತ್ರೆಯೊಂದಕ್ಕೆ ಹೋದಾಗಲೇ ಅವನಿಗೆ ಬೈಪೋಲಾರ್ ಕಾಯಿಲೆಯೂ ಇದೆಯೆಂದು ತಿಳಿದದ್ದು. ಕುಡಿತ ಒಂದು, ಮನಸ್ಸಿನ ಈ ಏರಿಳಿತ ಇನ್ನೊಂದು, ಎರಡೂ ಒಂದರ ಕೈ ಒಂದು ಹಿಡಿದುಕೊಂಡು ಬಂದಿದ್ದವು. ಎರಡರಲ್ಲಿ ಒಂದಕ್ಕೆ ಮಾತ್ರ ಚಿಕಿತ್ಸೆ ಮಾಡಿದರೆ ಉಳಿದದ್ದು ಬಂದು ಅದನ್ನು ಮತ್ತೆ ಎಬ್ಬಿಸುತ್ತದೆ. 2019ರ ಇಪ್ಪತ್ತೆಂಟು ದಿನ ವ್ಯರ್ಥವಾದದ್ದಕ್ಕೆ ಇದೂ ಒಂದು ಕಾರಣವೆಂದು ಈಗ ಅನ್ನಿಸುತ್ತದೆ. ಫೆಬ್ರವರಿಯಲ್ಲಿ ಮನೆಗೆ ಕರೆತಂದ ದಿನ ಅವ್ವ ಹೋಳಿಗೆ ಮಾಡಿದ್ದಳು. ಮಗಳ ಮದುವೆ ಮುಗಿಸಿದವರಂತೆ ನಾವೆಲ್ಲ ಹಗುರಾಗಿದ್ದೆವು.

ಇನ್ನು ಆ ಅಮಾವಾಸ್ಯೆಗೆ ಮೊದಲಿನ ಆರು ವಾರಗಳ ವಿಷಯ. ಮೂರನೆಯ ಸಲ ಆಸ್ಪತ್ರೆಗೆ ಸೇರಿಸಿದಾಗ ಅಲ್ಲಿಯ ಸಮಾಜಕಾರ್ಯಕರ್ತೆಯೊಬ್ಬರು ಅಣ್ಣನನ್ನೂ ಅತ್ತಿಗೆಯನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡು, ಒಂದು ಹಾಳೆಯ ಕೆಳತುದಿಯಲ್ಲಿ "ಅಮಾವಾಸ್ಯೆ ಹಿಂದಿನ ಸಂಜೆ" ಎಂದು ಬರೆದು, "ಇಲ್ಲಿಂದ ಹಿಂದಕ್ಕೆ ನಡೆಯೋಣ" ಎಂದರು. ಒಂದೊಂದೇ ದಿನ ನೆನಪು ಮಾಡಿಕೊಳ್ಳುತ್ತ ಮೇಲಕ್ಕೆ ಹೋದೆವು. ಆ ವಾರ ಅತ್ತಿಗೆಯೊಡನೆ ದುಡ್ಡಿನ ವಿಷಯಕ್ಕೆ ಜಗಳವಾಗಿತ್ತು. ಅದಕ್ಕೂ ಹಿಂದಿನ ವಾರ ಹರಾಜಿನಲ್ಲಿ ಕೊಬ್ಬರಿ ಬೆಲೆ ಇಳಿದು ನಷ್ಟವಾಗಿತ್ತು. ಅದಕ್ಕೂ ಮೊದಲು, "ಈಗ ಚೆನ್ನಾಗಿದೀನಲ್ಲ" ಎಂದು ಎರಡು ವಾರ ಫಾಲೋಅಪ್‌ಗೆ ಹೋಗಿರಲಿಲ್ಲ. ಗಣೇಶನ ಹಬ್ಬದ ಹೊತ್ತಿಗೆ ರಾತ್ರಿ ಒಂದು ಗಂಟೆಯವರೆಗೂ ಎದ್ದಿರುತ್ತಿದ್ದ. ಹಾಳೆಯ ಮೇಲ್ತುದಿಗೆ ಬಂದಾಗ ಅಣ್ಣ ತಲೆ ತಗ್ಗಿಸಿ, ಬೈಪೋಲಾರ್‌ಗೆಂದು ಕೊಟ್ಟಿದ್ದ ಲಿಥಿಯಂ ಮಾತ್ರೆ ನುಂಗುವುದನ್ನು ಆಗಸ್ಟ್ ಮಧ್ಯದಲ್ಲಿಯೇ ನಿಲ್ಲಿಸಿದ್ದೆ ಎಂದು ಹೇಳಿದ. ಕೈ ನಡುಗುತ್ತದೆ, ತಕ್ಕಡಿಯ ಮುಂದೆ ನಿಂತಾಗ ಜನ ಅದನ್ನು ಕುಡಿತದ ನಡುಕವೆಂದು ತಿಳಿಯುತ್ತಾರೆ ಎಂಬುದು ಅವನ ನಾಚಿಕೆಯಾಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಡಾಕ್ಟರಿಗೆ ಹೇಳಿದ್ದರೆ ಪ್ರಮಾಣ ಬದಲಿಸುತ್ತಿದ್ದರು, ಇಲ್ಲವೇ ನಡುಕಕ್ಕೆ ಬೇರೆ ಮಾತ್ರೆ ಕೊಡುತ್ತಿದ್ದರು. ಅಷ್ಟು ಸಣ್ಣ ವಿಷಯವಾಗಿತ್ತು ಅದು.

ಆ ಹಾಳೆಯಲ್ಲಿ ಬ್ರಾಂದಿ ಬಂದದ್ದು ಕಟ್ಟಕಡೆಯ ಸಾಲಿನಲ್ಲಿ.

ಈ ರೀತಿ ಹಿಂದಕ್ಕೆ ನಡೆಯುವುದನ್ನು ಒಂದು ಶಾಸ್ತ್ರವಾಗಿ ಕಟ್ಟಿದವರು ಅಮೆರಿಕದ ಸಿಯಾಟಲ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್. 1970ರ ದಶಕದಿಂದ ಅವರು, ಚಿಕಿತ್ಸೆ ಪಡೆದು ಮತ್ತೆ ಕುಡಿದವರು ಮೊದಲ ಸಲ ಕುಡಿದ ಸಂದರ್ಭ ಯಾವುದು ಎಂಬುದನ್ನೇ ವಿವರವಾಗಿ ಕೇಳಿ ದಾಖಲಿಸುತ್ತ ಹೋದರು. ಮುಕ್ಕಾಲು ಪಾಲಿಗೆ ಹತ್ತಿರ ಸಂದರ್ಭಗಳು ಮೂರೇ ಬಗೆಯವು ಎಂದು ಕಂಡುಬಂತು: ಸಿಟ್ಟು, ಬೇಸರ, ಕಳವಳದಂಥ ಮನಸ್ಸಿನ ಸ್ಥಿತಿಗಳು, ಹತ್ತಿರದವರೊಡನೆ ಜಗಳ, ಮತ್ತು ಜೊತೆಯವರ ಒತ್ತಾಯ. ಅವರು ಗುರುತಿಸಿದ ಇನ್ನೆರಡು ಸಂಗತಿಗಳು ನನಗೆ ನಮ್ಮ ಮನೆಯನ್ನೇ ನೋಡಿ ಬರೆದಂತೆ ಕಂಡವು. ಒಂದು, ಮೇಲ್ನೋಟಕ್ಕೆ ಕುಡಿತಕ್ಕೆ ಸಂಬಂಧವೇ ಇಲ್ಲವೆನಿಸುವ ಸಣ್ಣ ಸಣ್ಣ ತೀರ್ಮಾನಗಳು. ಅಪ್ಪನ ಮೇಲಿನ ಪ್ರೀತಿಯಿಂದ ಎಡೆಗೆ ನಾನೇ ತರುತ್ತೇನೆ ಎನ್ನುವುದರಲ್ಲಿ ತಪ್ಪು ಹುಡುಕುವವರು ಯಾರು? ಆದರೆ ಆ ತೀರ್ಮಾನ ಅವನನ್ನು ವೈನ್ ಶಾಪಿನ ಕಟ್ಟೆಯ ಮುಂದೆ, ಕೈಯಲ್ಲಿ ದುಡ್ಡಿನೊಂದಿಗೆ, ಒಬ್ಬನನ್ನೇ ನಿಲ್ಲಿಸಿತು. ಇನ್ನೊಂದು, ಒಂದು ಸಲ ಎಡವಿದ ಕೂಡಲೇ "ಎಲ್ಲಾ ಹಾಳಾಯಿತು, ನನ್ನಿಂದ ಆಗುವುದಲ್ಲ" ಎಂದು ಕೈಚೆಲ್ಲುವ ಮನಸ್ಸು. ಅಣ್ಣ ಆಮೇಲೆ ಹೇಳಿದ್ದು ಇದನ್ನೇ: ಮೊದಲ ಕ್ವಾರ್ಟರನ್ನು ಆಸೆಯಿಂದ ಕುಡಿದೆ, ಆಮೇಲಿನದ್ದನ್ನೆಲ್ಲ ನಾಚಿಕೆಯಿಂದ ಕುಡಿದೆ.

ಎಡವುವುದು ಬೇರೆ, ಬಿದ್ದೇ ಹೋಗುವುದು ಬೇರೆ. ಈ ಎರಡರ ನಡುವಿನ ಗಂಟೆಗಳೇ ಅತ್ಯಂತ ಮುಖ್ಯವಾದವು. ಅಮಾವಾಸ್ಯೆಯ ಆ ರಾತ್ರಿಯೇ ಅವನು ನನಗೆ ಫೋನ್ ಮಾಡಿ "ತಪ್ಪಾಯ್ತು ಕಣೆ, ಒಂದು ಕುಡಿದೆ" ಎಂದಿದ್ದರೆ ಒಂಬತ್ತು ದಿನ ಆಗುತ್ತಿರಲಿಲ್ಲ. ಅವನು ಯಾಕೆ ಮಾಡಲಿಲ್ಲ ಎಂಬ ಪ್ರಶ್ನೆಗೆ ಉತ್ತರ ನಮ್ಮ ಕಡೆಯೇ ಇದೆ. ಅದನ್ನು ಹೇಳಿಕೊಳ್ಳುವುದು ಕಷ್ಟ, ಆದರೂ ಹೇಳಬೇಕು.

ಆ ಏಳು ತಿಂಗಳೂ ನಮ್ಮ ಮನೆ ಪೊಲೀಸ್ ಠಾಣೆಯಾಗಿತ್ತು. ಅವನು ಒಳಗೆ ಬಂದ ಕೂಡಲೇ ಅವ್ವ ನೀರು ಕೊಡುವ ನೆಪದಲ್ಲಿ ಹತ್ತಿರ ಹೋಗಿ ಬಾಯಿ ಮೂಸುತ್ತಿದ್ದಳು. ಅತ್ತಿಗೆ ಒಗೆಯಲು ಹಾಕಿದ ಶರ್ಟಿನ ಜೇಬು ತಡಕುತ್ತಿದ್ದರು. ನಾನು ಶಾಲೆಯಿಂದ ದಿನಕ್ಕೆರಡು ಸಲ ಫೋನ್ ಮಾಡಿ ಅವನ ದನಿ ತೊದಲುತ್ತಿದೆಯೇ ಎಂದು ಕಿವಿಗೊಡುತ್ತಿದ್ದೆ. ಐದು ನಿಮಿಷ ತಡವಾದರೆ ಮೂವರ ಮುಖವೂ ಒಂದೇ ಥರ. ಜೊತೆಗೆ ಹಳೆಯದನ್ನು ಎತ್ತಿ ಆಡುವುದು: ನಿನ್ನಿಂದ ತೋಟ ಹೋಯಿತು, ನಿನ್ನಿಂದ ಮಗಳ ಕಾಲೇಜು ತಪ್ಪಿತು. ನಮ್ಮ ಭಯ ಸುಳ್ಳಾಗಿರಲಿಲ್ಲ, ಆ ಮಾತುಗಳೂ ಸುಳ್ಳಾಗಿರಲಿಲ್ಲ. ಆದರೆ ಇದರ ನಡುವೆ ಬದುಕುವವನು, ನಿಜವಾಗಿ ಎಡವಿದ ದಿನ, ಬಂದು ನಮ್ಮ ಮುಂದೆ ಹೇಳುವುದಾದರೂ ಹೇಗೆ?

1950ರ ದಶಕದಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞರು ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದು ಆಸ್ಪತ್ರೆಯಿಂದ ಹೊರಬಂದವರನ್ನು ಹಿಂಬಾಲಿಸಿ ನೋಡಿದರು. ತಂದೆತಾಯಿ ಅಥವಾ ಹೆಂಡತಿಯ ಬಳಿಗೆ ಮರಳಿದ ಕೆಲವರಿಗಿಂತ ಬಾಡಿಗೆ ಕೋಣೆಗಳಲ್ಲಿ ಇದ್ದವರೇ ಹೆಚ್ಚು ಕಾಲ ಚೆನ್ನಾಗಿದ್ದುದು ಅವರನ್ನು ಅಚ್ಚರಿಗೊಳಿಸಿತು. ಮುಂದಿನ ಎರಡು ದಶಕಗಳ ಅಧ್ಯಯನಗಳಲ್ಲಿ ಕಾರಣ ತಿಳಿಯಾಯಿತು. ಮನೆಯವರ ಮಾತಿನಲ್ಲಿ ಟೀಕೆ, ಹಗೆತನ, ಇಲ್ಲವೇ ಉಸಿರುಗಟ್ಟುವಷ್ಟು ಕಾಳಜಿ ಹೆಚ್ಚಾಗಿದ್ದ ಕಡೆ ಕಾಯಿಲೆ ಹೆಚ್ಚು ಮರುಕಳಿಸುತ್ತಿತ್ತು, ಅಂಥವರ ಜೊತೆ ವಾರಕ್ಕೆ 35 ಗಂಟೆಗಿಂತ ಹೆಚ್ಚು ಹೊತ್ತು ಮುಖಾಮುಖಿ ಇದ್ದವರಲ್ಲಿ ಇನ್ನೂ ಹೆಚ್ಚು. ಖಿನ್ನತೆಯಲ್ಲಿ, ಬೈಪೋಲಾರ್‌ನಲ್ಲಿ, ಮದ್ಯವ್ಯಸನದಲ್ಲಿಯೂ ಇದೇ ಬಗೆಯ ಫಲಿತಾಂಶಗಳು ಆಮೇಲೆ ಬಂದವು. 1980ರ ದಶಕದಲ್ಲಿ ಚಂಡೀಗಢದಲ್ಲಿ ನಡೆದ ಅಧ್ಯಯನದಲ್ಲಿ ನಮ್ಮ ದೇಶದ ಕುಟುಂಬಗಳಲ್ಲಿ ಈ ಟೀಕೆಯ ಮಟ್ಟ ಲಂಡನ್ನಿಗಿಂತ ಕಡಿಮೆ ಇರುವುದು ಕಂಡುಬಂದಿತ್ತು. ಅದನ್ನು ಓದಿದಾಗ ನನಗೆ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಸಂಕಟ. ನಮ್ಮ ಕೂಡು ಕುಟುಂಬಗಳಲ್ಲಿ ಒಬ್ಬರು ಬೈದರೆ ಇನ್ನೊಬ್ಬರು ಸಮಾಧಾನ ಹೇಳುತ್ತಿದ್ದರು, ಅಜ್ಜಿಯೋ ಚಿಕ್ಕಪ್ಪನೋ ಅಡ್ಡ ನಿಲ್ಲುತ್ತಿದ್ದರು. ಈಗ ಮೂರು ಕೋಣೆಯ ಮನೆಯಲ್ಲಿ ಮೂವರೂ ಒಬ್ಬನನ್ನೇ ಕಾಯುತ್ತ ಕೂರುತ್ತೇವೆ.

ಬ್ರೌನ್ ಅವರ ಕೆಲಸದಿಂದ ಮನೆಯವರೇ ಕಾಯಿಲೆಗೆ ಕಾರಣ ಎಂದು ಯಾರೂ ತೀರ್ಮಾನಿಸಬಾರದು. ಹಾಗೆ ತಿಳಿದು ಕೊರಗಿದ ತಾಯಂದಿರನ್ನು ನಾನು ಆಸ್ಪತ್ರೆಯ ಬೆಂಚುಗಳ ಮೇಲೆ ನೋಡಿದ್ದೇನೆ. ಕಾಯಿಲೆ ಅದರ ಪಾಡಿಗೆ ಬಂದಿರುತ್ತದೆ. ಅದು ಮರಳಿ ಬರದಂತೆ ನೋಡಿಕೊಳ್ಳುವ ಕೆಲಸದಲ್ಲಿ ಮನೆಯ ಗಾಳಿಗೂ ಒಂದು ಪಾತ್ರವಿದೆ, ಆ ಗಾಳಿಯನ್ನು ಕಲಿತು ಬದಲಿಸಬಹುದು ಎಂಬಷ್ಟೇ ಅದರ ಸಾರ. ನಾವು ಮಾಡಿದ ಬದಲಾವಣೆ ಕೇಳಲು ಸಣ್ಣದು. ಮೂವರೂ ಕೇಳುವುದನ್ನು ಬಿಟ್ಟು, ಒಬ್ಬರು ಮಾತ್ರ, ದಿನಕ್ಕೊಂದು ಸಲ, ಗೊತ್ತಾದ ಹೊತ್ತಿನಲ್ಲಿ ಕೇಳುವುದು. ಆ ಒಬ್ಬರು ಯಾರೆಂದು ಅವನೇ ಆರಿಸಿದ. ನನ್ನನ್ನು ಆರಿಸಿದ. ರಾತ್ರಿ ಊಟವಾದ ಮೇಲೆ ನಾನು ಕೇಳುವುದು ಮೂರು ವಿಷಯ: ನಿನ್ನೆ ಎಷ್ಟು ನಿದ್ದೆ ಬಂತು, ಮಾತ್ರೆ ಆಯಿತಾ, ಇವತ್ತು ಆಸೆ ಬಂತಾ. ಮೂರನೆಯ ಪ್ರಶ್ನೆಗೆ "ಬಂತು" ಎಂಬ ಉತ್ತರ ಬಂದರೆ ನಾನು ಗಾಬರಿ ತೋರಿಸದೆ "ಆಮೇಲೆ?" ಎನ್ನಬೇಕು. ಇದನ್ನು ಕಲಿಯಲು ನನಗೆ ತಿಂಗಳುಗಳೇ ಬೇಕಾದವು. ಅವ್ವನಿಗೆ ಮೂಸುವುದನ್ನು ಬಿಡಲು ಇನ್ನೂ ಹೆಚ್ಚು ಕಾಲ ಹಿಡಿಯಿತು.

ನಿದ್ದೆಯನ್ನು ಮೊದಲು ಕೇಳುವುದಕ್ಕೆ ಕಾರಣವಿದೆ. ಬೈಪೋಲಾರ್ ಇರುವವರಲ್ಲಿ ನಿದ್ದೆ ಕಡಿಮೆಯಾಗಿಯೂ ಆಯಾಸವಾಗದಿರುವುದು ಮನಸ್ಸು ಮಿತಿಮೀರಿ ಏರುವ ಉನ್ಮಾದದ ಹಂತ ಹತ್ತಿರವಾಗುತ್ತಿರುವುದರ ಸಾಮಾನ್ಯ ಮುನ್ಸೂಚನೆ. ಕುಡಿತ ಬಿಟ್ಟವರಲ್ಲಿ ಕಾಯಿಲೆಯಿಲ್ಲದಿದ್ದರೂ ನಿದ್ದೆ ತಿಂಗಳುಗಟ್ಟಲೆ ಕೆಟ್ಟಿರುತ್ತದೆ, "ಒಂದು ಪೆಗ್ ಹಾಕಿದರೆ ನಿದ್ದೆಯಾದರೂ ಬರುತ್ತದೆ" ಎಂಬ ಆಲೋಚನೆ ಅಲ್ಲಿಂದಲೇ ಹುಟ್ಟುತ್ತದೆ. ಪ್ರತಿಯೊಬ್ಬರಿಗೂ ಅವರದೇ ಗುರುತುಗಳಿರುತ್ತವೆ. ಖಿನ್ನತೆಯಿಂದ ಗುಣವಾದ ನನ್ನ ಸಹೋದ್ಯೋಗಿಯೊಬ್ಬರಿಗೆ, ಬೆಳಗ್ಗೆ ಮನೆಯ ಮುಂದೆ ರಂಗೋಲಿ ಹಾಕಲು ಮನಸ್ಸಾಗದಿರುವುದು ಮೊದಲ ಗುರುತು. ಅವರ ಗಂಡನಿಗೆ ಅದು ಗೊತ್ತು, ಮೂರು ದಿನ ಅಂಗಳ ಖಾಲಿ ಕಂಡರೆ ಅವರೇ ಡಾಕ್ಟರ ಬಳಿ ಸಮಯ ಕೇಳುತ್ತಾರೆ.

ಮಾತ್ರೆಗಳ ವಿಷಯ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಮರುಕಳಿಕೆಯ ಬಾಗಿಲು ಹೆಚ್ಚಾಗಿ ತೆರೆಯುವುದು ಇಲ್ಲಿಯೇ. "ಗುಣವಾಯಿತು, ಇನ್ನೇಕೆ ಮಾತ್ರೆ" ಎಂಬ ಮಾತು ನಮ್ಮಲ್ಲಿ ಎಷ್ಟು ಸಹಜವೆಂದರೆ ಬಂಧುಗಳು ಅದನ್ನು ಆಶೀರ್ವಾದದಂತೆ ಹೇಳುತ್ತಾರೆ. ಖಿನ್ನತೆಯಲ್ಲಿ ಲಕ್ಷಣಗಳು ಪೂರ್ತಿ ಹೋದ ಮೇಲೂ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಸಬೇಕೆಂದು ವೈದ್ಯರು ಹೇಳುವುದಕ್ಕೆ ಕಾರಣ, ಆ ಅವಧಿಯಲ್ಲಿ ಕಾಯಿಲೆ ಮೇಲಿನಿಂದ ಮಾತ್ರ ಆರಿದ ಕೆಂಡದ ಹಾಗೆ ಇರುತ್ತದೆ. ಎರಡು ಮೂರು ಸಲ ಬಂದು ಹೋದವರಿಗೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದವರಿಗೆ, ತಮ್ಮ ಆಲೋಚನೆಗಳನ್ನು ದೂರದಿಂದ ನೋಡುವುದನ್ನು ಕಲಿಸುವ ಎಂಟು ವಾರದ ಧ್ಯಾನಾಧಾರಿತ ತರಬೇತಿ ಮರುಕಳಿಕೆಯನ್ನು ಗಣನೀಯವಾಗಿ ತಗ್ಗಿಸಿದ್ದನ್ನು 2000ದಲ್ಲಿ ಪ್ರಕಟವಾದ ಟೀಸ್‌ಡೇಲ್ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. ಲಿಥಿಯಂ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಅದರ ಉಪಯೋಗವನ್ನು ತೋರಿಸಿದಂದಿನಿಂದ ಇಂದಿಗೂ ಅದು ಈ ಕಾಯಿಲೆಯ ಮುಖ್ಯ ಮದ್ದುಗಳಲ್ಲಿ ಒಂದು. ಆದರೆ ಅದನ್ನು ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಬೇಗ ಮರಳುತ್ತದೆ. ರಕ್ತದಲ್ಲಿ ಅದರ ಮಟ್ಟವನ್ನು, ಜೊತೆಗೆ ಮೂತ್ರಪಿಂಡ ಮತ್ತು ಥೈರಾಯ್ಡನ್ನು ಆಗಾಗ ಪರೀಕ್ಷಿಸುತ್ತಿರಬೇಕು. ಬೇಸಿಗೆಯಲ್ಲಿ ಬೆವರಿ ನೀರು ಕಡಿಮೆಯಾದಾಗ, ವಾಂತಿಭೇದಿಯಾದಾಗ, ಮೈಕೈ ನೋವಿಗೆಂದು ಅಂಗಡಿಯಿಂದ ಐಬುಪ್ರೊಫೇನ್ ಅಥವಾ ಡೈಕ್ಲೋಫೆನಾಕ್ ತಂದು ನುಂಗಿದಾಗ ಆ ಮಟ್ಟ ಅಪಾಯಕ್ಕೆ ಏರಬಹುದು. ಕೊಬ್ಬರಿ ಮೂಟೆ ಹೊರುವವರ ನಡುವೆ ಕೆಲಸ ಮಾಡುವವನಿಗೆ ನೋವಿನ ಮಾತ್ರೆ ಕೈಗೆಟುಕುವಷ್ಟು ಹತ್ತಿರದಲ್ಲಿಯೇ ಇರುತ್ತದೆ.

ಕುಡಿತದ ಆಸೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳೂ ಇವೆ. ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ. ಎಲ್ಲರಿಗೂ ಗೊತ್ತಿರುವುದು "ಕುಡಿದರೆ ವಾಂತಿಯಾಗುವ ಮಾತ್ರೆ" ಮಾತ್ರ. ಅದು ಡೈಸಲ್ಫಿರಾಂ, 1940ರ ದಶಕದಲ್ಲಿ ಡೆನ್ಮಾರ್ಕ್‌ನಲ್ಲಿ ಅದರ ಈ ಗುಣ ಪತ್ತೆಯಾಯಿತು. ಅದನ್ನು ತೆಗೆದುಕೊಂಡವರು ಕುಡಿದರೆ ಮದ್ಯ ದೇಹದಲ್ಲಿ ಪೂರ್ತಿ ಕರಗದೆ ನಡುವಿನ ಒಂದು ವಿಷವಸ್ತು ಸೇರಿಕೊಂಡು ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಇದರ ಪರಿಣಾಮ ಉಳಿಯಬಹುದು. ತಿಳಿದು, ಒಪ್ಪಿ, ಮನೆಯವರೊಬ್ಬರ ಎದುರು ದಿನವೂ ನುಂಗುವವರಿಗೆ ಇದು ಉಪಕಾರಿ. ಗೊತ್ತಿಲ್ಲದಂತೆ ಸಾರಿನಲ್ಲಿ ಬೆರೆಸಿ ಹಾಕುವುದು ಪ್ರಾಣಕ್ಕೇ ಅಪಾಯ. ಅವ್ವನಿಗೂ ಒಬ್ಬರು "ಅನ್ನದಲ್ಲಿ ಕಲಸಿಡಿ, ತಾನಾಗಿ ಬಿಡ್ತಾನೆ" ಎಂದು ಹೆಸರಿಲ್ಲದ ಪುಡಿಯ ಪೊಟ್ಟಣ ಕೊಟ್ಟಿದ್ದರು. ಅವಳು ಅದನ್ನು ಸಾಸಿವೆ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದಳು. ನಾನು ಕಂಡು ಎಸೆದೆ. ಯಾವ ಮನೆಯಲ್ಲಿಯೂ ಅಂಥ ಪೊಟ್ಟಣ ಉಳಿಯಬಾರದು.

ದೂರ ಮತ್ತು ಖರ್ಚಿನ ಕಾರಣಕ್ಕೆ ಫಾಲೋಅಪ್ ಬಿಡುವವರು ಬಹಳ. ಬೆಂಗಳೂರಿಗೆ ಹೋಗಿಬರಲು ಒಂದು ದಿನದ ದುಡಿಮೆ ಹೋಗುತ್ತದೆ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ಚಿಕಿತ್ಸಾಲಯ ಏರ್ಪಡಿಸುವ ವ್ಯವಸ್ಥೆ ಇದೆ. ನಿಮ್ಮ ತಾಲೂಕಿನಲ್ಲಿ ಯಾವ ಮಂಗಳವಾರ ಮನೋವೈದ್ಯರು ಬರುತ್ತಾರೆಂದು ಒಮ್ಮೆ ಕೇಳಿ ತಿಳಿದುಕೊಳ್ಳಿ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು, ಹೀಗಾಗಿ ಊರ ಹತ್ತಿರವೇ ಚಿಕಿತ್ಸೆ ಎನ್ನುವುದು ಕನ್ನಡ ನಾಡಿಗೆ ಹೊಸ ಮಾತಲ್ಲ. ಆದರೂ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯದ ತೊಂದರೆ ಇರುವವರಲ್ಲಿ ಶೇ. 86ರಷ್ಟು ಮಂದಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ಚಿಕಿತ್ಸೆಯವರೆಗೂ ಬಂದವರೇ ಇಷ್ಟು ಕಡಿಮೆ ಇರುವಾಗ, ಬಂದವರನ್ನು ನಡುದಾರಿಯಲ್ಲಿ ಕಳೆದುಕೊಳ್ಳುವುದು ನನಗೆ ಬಹಳ ನೋವಿನ ವಿಷಯ.

ಅಣ್ಣನನ್ನು ಹಿಡಿದು ನಿಲ್ಲಿಸಿದ್ದರಲ್ಲಿ ಮಾತ್ರೆಗಳಷ್ಟೇ ಪಾಲು ವಾರದ ಒಂದು ಸಭೆಗೂ ಇದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಹಳ್ಳಿಗಳಲ್ಲಿ ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರಗಳನ್ನು ಬಹಳ ಮಂದಿ ಬಲ್ಲಿರಿ. ಶಿಬಿರ ಮುಗಿಸಿದವರು ಆಮೇಲೆ ಸೇರುವ ನವಜೀವನ ಸಮಿತಿಗಳ ಬಗ್ಗೆ ಅಷ್ಟು ಮಾತು ಕೇಳಿಬರುವುದಿಲ್ಲ, ನನ್ನ ಮಟ್ಟಿಗೆ ಶಿಬಿರದಷ್ಟೇ ತೂಕ ಅವಕ್ಕೂ ಇದೆ. ನಮಗೆ ಮಾಲು ಕೊಡುವ ರೈತರೊಬ್ಬರು ಹೀಗೆ ಕುಡಿತ ಬಿಟ್ಟವರು. ಅವರು ಅಣ್ಣನನ್ನು ತಮ್ಮ ಜೊತೆ ಕರೆದೊಯ್ದರು, ಅಲ್ಲಿದ್ದವರು ಇವನು ಯಾವ ಶಿಬಿರದವನೆಂದು ಕೇಳದೆ ಕೂರಿಸಿಕೊಂಡರು. ನಗರಗಳಲ್ಲಿರುವವರಿಗೆ, 1935ರಲ್ಲಿ ಅಮೆರಿಕದಲ್ಲಿ ಹುಟ್ಟಿ ಇಂದು ನಮ್ಮಲ್ಲೂ ಇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ಹತ್ತಿರವಾಗಬಹುದು. ಮನೆಯವರಿಗೆಂದೇ ಅಲ್-ಅನಾನ್ ಸಭೆಗಳೂ ಇವೆ. ದೇವರ ಹೆಸರು ಬರುವ ಕಡೆ ಕೂರಲಾರೆ ಎನ್ನುವವರಿಗೆ ಬೇರೆ ದಾರಿಗಳಿರಲಿ, ಆದರೆ ಯಾವುದಾದರೂ ಒಂದು ಕೂಟ ಇರಲಿ. "ನಿನ್ ಕಷ್ಟ ನಂಗೊತ್ತು ಕಣಪ್ಪ" ಎಂದು ಕುಡಿದು ಬಿಟ್ಟವನೊಬ್ಬ ಹೇಳಿದರೆ ತಾಗುವಂತೆ ನಾನು ಹೇಳಿದರೆ ತಾಗುವುದಿಲ್ಲ.

ಆಸೆ ಬಂದಾಗ ಏನು ಮಾಡುವುದು ಎಂಬುದನ್ನು ಅವನು ಕಲಿತದ್ದೂ ಅಲ್ಲಿಯೇ. ಆಸೆ ಅಲೆಯ ಹಾಗೆ ಏರಿ, ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ, ಅಷ್ಟು ಹೊತ್ತು ಅದರ ಜೊತೆ ಜಗಳವಾಡದೆ ದಾಟಿಸಿದರೆ ಸಾಕು. ಹಸಿವು, ಸಿಟ್ಟು, ಒಂಟಿತನ, ಆಯಾಸ ಈ ನಾಲ್ಕರಲ್ಲಿ ಈಗ ಯಾವುದಿದೆ ಎಂದು ಅವನು ಮೊದಲು ತನ್ನನ್ನೇ ಕೇಳಿಕೊಳ್ಳುತ್ತಾನೆ. ಹರಾಜಿನ ದಿನ ಮಧ್ಯಾಹ್ನದ ಊಟ ತಪ್ಪುವುದು ಮೊದಲು ಮಾಮೂಲಾಗಿತ್ತು. ಈಗ ಅತ್ತಿಗೆ ಬುತ್ತಿ ಕಟ್ಟಿ ಕೊಡುತ್ತಾರೆ, ಸಂಜೆ ಲೆಕ್ಕ ಮುಗಿದ ಕೂಡಲೇ ಮಗಳು ಫೋನ್ ಮಾಡುತ್ತಾಳೆ, ಅವನು "ಮಗಳು ಕಾಯ್ತಾವಳೆ" ಎಂದು ಎದ್ದು ಬರುತ್ತಾನೆ. ವರ್ಷದ ತೊಡಕಿಗೂ ಬೀಗರೂಟಗಳಿಗೂ ಹೋಗುತ್ತಾನೆ, ಆದರೆ ಊಟದ ಹೊತ್ತಿಗೆ ಸರಿಯಾಗಿ ಹೋಗಿ, ಊಟವಾದ ಕೂಡಲೇ ಹೊರಡುತ್ತಾನೆ. "ಒಂದೇ ಒಂದು ತಗೊಳಪ್ಪ, ಏನಾಗಲ್ಲ" ಎನ್ನುವ ಸೋದರಮಾವನಿಗೆ ಕೊಡಬೇಕಾದ ಉತ್ತರವನ್ನು ನಾವಿಬ್ಬರೂ ಹಜಾರದಲ್ಲಿ ನಿಂತು ನಾಟಕದ ಹಾಗೆ ಅಭ್ಯಾಸ ಮಾಡಿದ್ದೇವೆ. "ಬೇಡ ಮಾವ, ನಂಗೆ ಒಗ್ಗಲ್ಲ." ಅಷ್ಟೇ, ಅದಕ್ಕಿಂತ ಉದ್ದದ ಉತ್ತರ ಕೊಟ್ಟರೆ ಚರ್ಚೆ ಶುರುವಾಗುತ್ತದೆ.

ಬಟ್ಟೆ ಇಡುವ ಬೀರುವಿನ ಬಾಗಿಲ ಒಳಬದಿಗೆ ಅಣ್ಣನ ಕೈಬರಹದ ಒಂದು ಹಾಳೆ ಅಂಟಿಸಿದೆ. ಅದರ ಮೇಲಿನ ಅರ್ಧದಲ್ಲಿ ಅವನ ಗುರುತುಗಳಿವೆ: ರಾತ್ರಿ ಹನ್ನೆರಡಾದರೂ ನಿದ್ದೆ ಬೇಡವೆನಿಸುವುದು, ದೊಡ್ಡ ಖರೀದಿಯ ಮಾತು, ಸಭೆ ತಪ್ಪಿಸುವುದು, ಹಳೆಯ ಗೆಳೆಯರ ನೆನಪು ಸಿಹಿಯಾಗಿ ಬರುವುದು. ಕೆಳಗಿನ ಅರ್ಧದಲ್ಲಿ, ಎಡವಿದರೆ ಏನು ಮಾಡಬೇಕೆಂದು. ಅದೇ ದಿನ ತಂಗಿಗೆ ಹೇಳುವುದು, ಬೈಯುವುದಿಲ್ಲವೆಂದು ಅವಳು ಮಾತು ಕೊಟ್ಟಿದ್ದಾಳೆ. ಡಾಕ್ಟರ ನಂಬರು. ಟೆಲಿ-ಮಾನಸ್ ಸಹಾಯವಾಣಿ 14416, ಇದು 2022ರ ಅಕ್ಟೋಬರಿನಲ್ಲಿ, ಅಂದರೆ ನಮ್ಮ ಮನೆಯ ಆ ಅಮಾವಾಸ್ಯೆಯಾದ ಎರಡು ವಾರಕ್ಕೆ ಶುರುವಾಯಿತು, ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು. ಕೊನೆಯಲ್ಲಿ ಕೆಂಪು ಶಾಯಿಯ ಸಾಲು: ಹಲವು ದಿನ ಕುಡಿದಿದ್ದರೆ ಮನೆಯಲ್ಲಿ ಥಟ್ಟನೆ ನಿಲ್ಲಿಸಬಾರದು, ಆಸ್ಪತ್ರೆಗೇ ಹೋಗಬೇಕು. ಹಾಗೆ ನಿಲ್ಲಿಸಿದಾಗ ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ಹೆರಾಯಿನ್‌ನಂಥ ಮಾದಕ ವಸ್ತು ಬಿಟ್ಟ ಮಕ್ಕಳಿರುವ ಮನೆಯವರು ಇನ್ನೊಂದು ತಿಳಿದಿರಬೇಕು. ಬಿಟ್ಟ ಮೇಲೆ ದೇಹದ ತಾಳಿಕೆ ಕುಗ್ಗಿರುತ್ತದೆ, ಆದ್ದರಿಂದ ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಅದೊಂದೇ ಸಲಕ್ಕೆ ಉಸಿರು ನಿಲ್ಲಬಹುದು.

2023ರ ಪಿತೃಪಕ್ಷ ಹತ್ತಿರವಾದಾಗ ಮನೆಯಲ್ಲಿ ಯಾರೂ ಎಡೆಯ ಮಾತೆತ್ತಲಿಲ್ಲ. ಬ್ರಾಂದಿ ಇಡದಿದ್ದರೆ ಅಪ್ಪನಿಗೆ ಅಪಚಾರವೆಂದು ಅವ್ವ ಅಳುತ್ತಾಳೆಂದು ನಾನು ಹೆದರಿದ್ದೆ. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅವಳೇ ರಾಗಿ ಕೇರುತ್ತ ಕೂತಿದ್ದವಳು, ಯಾರನ್ನೂ ನೋಡದೆ, "ನಿಮ್ಮಪ್ಪಂಗೆ ಕಾಪಿನೂ ಇಷ್ಟವೇ ಇತ್ತು" ಎಂದಳು. ಆ ವರ್ಷದಿಂದ ಎಡೆಯಲ್ಲಿ ಅಪ್ಪನ ಹಿತ್ತಾಳೆ ಲೋಟದ ತುಂಬ ಬೆಲ್ಲದ ಕಾಫಿ ಇಡುತ್ತೇವೆ. ಅದನ್ನು ಕಾಯಿಸಿ, ಸೋಸಿ, ಎಲೆಯ ಬಲಗಡೆ ತಂದಿಡುವವನು ಅಣ್ಣ.